ಇಬ್ನ್ ಸೀನಾ ಸುನ್ನಿಯೋ, ಶಿಯಾನೋ?

ಓದುಗರ ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಧ್ಯಯುಗದ ಇಸ್ಲಾಮಿ ತತ್ವಜ್ಞಾನಿಗಳ ಬಗ್ಗೆ ಓದುವಾಗ ತಲೆ ಕೆಟ್ಟುಹೋಗಿದೆ. ಇಬ್ನ್ ಸೀನಾ ಇಸ್ಮಾಯಿಲಿ ಅಂತ ಒಂದು ಕಡೆ ಇದೆ, ಹನ್ನೆರಡು ಇಮಾಮರ ಶಿಯಾ ಅಂತ ಇನ್ನೊಂದು ಕಡೆ ಇದೆ, ಅಲ್ಲವೇ ಅಲ್ಲ ಹನಫಿ ಸುನ್ನಿ ಅಂತ ಮತ್ತೊಂದು ಕಡೆ. ಫಾರಾಬಿ, ತೂಸಿ ವಿಷಯದಲ್ಲೂ ಹೀಗೇ. ಯಾವುದು ಸರಿ? ತತ್ವಜ್ಞಾನಿಗಳಲ್ಲಿ ಶಿಯಾಗಳೇ ಜಾಸ್ತಿ ಅನ್ನುವುದು ನಿಜವಾ? ಪಂಥ ಯಾವುದು ಅನ್ನುವುದರಿಂದ ಅವರ ತತ್ವಜ್ಞಾನ ಬದಲಾಯಿತಾ? ಕರ್ನಾಟಕಕ್ಕೆ ಇದರಲ್ಲಿ ಏನಾದರೂ ನಂಟಿದೆಯಾ?

ಉತ್ತರ: ನೀವು ಓದಿದ ಮೂವರೂ ಸುಮ್ನೆ ಕಥೆ ಕಟ್ಟಿಲ್ಲ. ಇಬ್ನ್ ಸೀನಾನ ತಂದೆ ಇಸ್ಮಾಯಿಲಿ ಪಂಥಕ್ಕೆ ಸೇರಿದ್ದು ನಿಜ. ಅವನು ನೌಕರಿ ಮಾಡಿದ್ದು ಹೆಚ್ಚಾಗಿ ಶಿಯಾ ದೊರೆಗಳ ಹತ್ತಿರ, ಅದೂ ನಿಜ. ಹುಡುಗನಾಗಿದ್ದಾಗ ಹನಫಿ ಗುರುವಿನ ಬಳಿ ಧರ್ಮಶಾಸ್ತ್ರ ಕಲಿತದ್ದೂ ನಿಜ. ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಂಡು ಉಳಿದ ಎರಡನ್ನು ಬಿಟ್ಟಿದ್ದಾರೆ, ಅಷ್ಟೇ. ನನ್ನನ್ನು ಕೇಳಿದರೆ ಹನಫಿ ಅನ್ನುವ ಕಡೆಗೇ ತಕ್ಕಡಿ ವಾಲುತ್ತದೆ. ಆದರೆ ಒಬ್ಬ ತತ್ವಜ್ಞಾನಿಯ ಪಂಥ ಗೊತ್ತಾಯಿತು ಅಂದ ಮಾತ್ರಕ್ಕೆ ಅವನ ವಿಚಾರ ಗೊತ್ತಾಯಿತು ಅಂದುಕೊಳ್ಳಬೇಡಿ. ಕೆಲವರಲ್ಲಿ ಪಂಥವೇ ಇಡೀ ಕಟ್ಟಡದ ಅಡಿಪಾಯ. ಕೆಲವರಲ್ಲಿ ಅದು ಮುನ್ನುಡಿಯ ಎರಡು ಪುಟದಲ್ಲಿ ಮುಗಿದುಹೋಗುತ್ತದೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ, ಮಕ್ಕಳಿಗೆ ಹೇಳಲಿಕ್ಕೂ ಬೇಕಾಗುತ್ತದೆ. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡಾಗ ಮುಂದೆ ನಾಯಕ ಯಾರು ಅನ್ನುವ ಪ್ರಶ್ನೆ ಎದ್ದಿತು. ಪ್ರವಾದಿಯವರೇ ತಮ್ಮ ಅಳಿಯ ಅಲಿಯವರನ್ನು ನೇಮಿಸಿದ್ದರು, ಆ ಸ್ಥಾನ ಅವರ ವಂಶದಲ್ಲೇ ಉಳಿಯಬೇಕು ಅಂದವರು ಶಿಯಾಗಳಾದರು. ಅಬೂಬಕರ್, ಉಮರ್, ಉಸ್ಮಾನ್, ಆಮೇಲೆ ಅಲಿ, ಹೀಗೆ ಸಮುದಾಯ ಒಪ್ಪಿಕೊಂಡ ಕ್ರಮವೇ ಸರಿ ಅಂದವರು ಸುನ್ನಿಗಳಾದರು. ಆ ವಂಶದ ನಾಯಕರನ್ನು ಶಿಯಾಗಳು ಇಮಾಮ್ ಅನ್ನುತ್ತಾರೆ. 765ರಲ್ಲಿ ಇಮಾಮ್ ಜಾಫರ್ ಸಾದಿಕ್ ತೀರಿಕೊಂಡ ಮೇಲೆ ಶಿಯಾಗಳೊಳಗೇ ಕವಲೊಡೆಯಿತು. ಅವರ ಮಗ ಇಸ್ಮಾಯಿಲರ ಸಾಲನ್ನು ಹಿಡಿದವರು ಇಸ್ಮಾಯಿಲಿಗಳು. ಇನ್ನೊಬ್ಬ ಮಗ ಮೂಸಾ ಕಾಜಿಮ್ ಅವರ ಸಾಲನ್ನು ಹಿಡಿದವರು ಮುಂದೆ ಹನ್ನೆರಡು ಇಮಾಮರ ಶಿಯಾಗಳು. ಸುನ್ನಿಗಳಲ್ಲಿ ಹನಫಿ, ಮಾಲಿಕಿ, ಶಾಫಿ, ಹಂಬಲಿ ಅಂತ ನಾಲ್ಕು ಕಾನೂನು ಪರಂಪರೆಗಳು ಬೆಳೆದವು. ಇಬ್ನ್ ಸೀನಾ ಬದುಕಿದ್ದು ಸುಮಾರು 980ರಿಂದ 1037ರವರೆಗೆ. ಆಗ ಈ ಗೆರೆಗಳು ಈಗಿನಷ್ಟು ಗಟ್ಟಿಯಾಗಿರಲಿಲ್ಲ. ಹನ್ನೆರಡು ಇಮಾಮರ ಪಂಥದ ದೊಡ್ಡ ಪಂಡಿತ ಶೇಖ್ ಮುಫೀದ್ ಬಗ್ದಾದಿನಲ್ಲಿ ಕೂತು ತನ್ನ ಪಂಥದ ಸಿದ್ಧಾಂತಕ್ಕೆ ತರ್ಕದ ಕಟ್ಟು ಹಾಕುತ್ತಿದ್ದುದು ಇದೇ ಕಾಲದಲ್ಲಿ.

ಈಗ ಇಬ್ನ್ ಸೀನಾನ ಮಾತನ್ನೇ ಕೇಳೋಣ. ಅವನು ತನ್ನ ಬಾಲ್ಯದ ಕಥೆಯನ್ನು ಶಿಷ್ಯ ಜೂಜ್‌ಜಾನಿಗೆ ಹೇಳಿ ಬರೆಸಿದ್ದಾನೆ. ತಂದೆ ಬಲ್ಖ್‌ನವನು. ಬುಖಾರಾಕ್ಕೆ ಬಂದು ಸಾಮಾನಿ ದೊರೆ ನೂಹ್ ಇಬ್ನ್ ಮನ್ಸೂರನ ಆಡಳಿತದಲ್ಲಿ ಒಂದು ಊರಿನ ಅಧಿಕಾರಿಯಾಗಿದ್ದ. ಈಜಿಪ್ಟಿನವರ ಪ್ರಚಾರಕನ ಮಾತಿಗೆ ತಂದೆ ಓಗೊಟ್ಟ, ಇಸ್ಮಾಯಿಲಿ ಅನ್ನಿಸಿಕೊಂಡ, ತಮ್ಮನೂ ಹಾಗೇ ಆದ ಅಂತ ಅವನೇ ಹೇಳುತ್ತಾನೆ. ಈಜಿಪ್ಟಿನವರು ಅಂದರೆ ಕೈರೋದಲ್ಲಿದ್ದ ಇಸ್ಮಾಯಿಲಿ ಪಂಥದ ಫಾತಿಮಿ ಖಲೀಫರು. ಮನೆಯಲ್ಲಿ ಆತ್ಮ, ಬುದ್ಧಿ ಅಂತ ಇಸ್ಮಾಯಿಲಿ ರೀತಿಯ ಚರ್ಚೆ ನಡೆಯುತ್ತಿತ್ತಂತೆ. ಕೇಳುತ್ತಿದ್ದೆ, ಅರ್ಥವೂ ಆಗುತ್ತಿತ್ತು, ಆದರೆ ನನ್ನ ಮನಸ್ಸು ಒಪ್ಪಲಿಲ್ಲ ಅನ್ನುತ್ತಾನೆ. ಆ ಮನೆಯಲ್ಲೇ ರೇಖಾಗಣಿತದ ಮಾತು, ಭಾರತೀಯ ಲೆಕ್ಕದ ಮಾತೂ ಬರುತ್ತಿತ್ತು. ಆ ಲೆಕ್ಕ ಕಲಿಯಲು ತಂದೆ ಇವನನ್ನು ಒಬ್ಬ ತರಕಾರಿ ಮಾರುವವನ ಹತ್ತಿರ ಕಳಿಸಿದ. ನನಗೆ ಇಡೀ ಆತ್ಮಕಥೆಯಲ್ಲಿ ಬಹಳ ಇಷ್ಟವಾದ ಸಾಲು ಇದು.

ಅದೇ ಆತ್ಮಕಥೆಯಲ್ಲಿ, ತತ್ವಜ್ಞಾನ ಶುರು ಮಾಡುವ ಮೊದಲೇ ಇಸ್ಮಾಯಿಲ್ ಅಲ್-ಜಾಹಿದ್ ಅನ್ನುವ ಗುರುವಿನ ಹತ್ತಿರ ಧರ್ಮಶಾಸ್ತ್ರ ಕಲಿತೆ, ವಾದ ಮಾಡುವ ಪಟ್ಟುಗಳನ್ನು ಕಲಿತೆ ಅನ್ನುತ್ತಾನೆ. ಹೆಸರು ಇಸ್ಮಾಯಿಲ್ ಆದರೂ ಈ ಗುರು ಬುಖಾರಾದ ಹನಫಿ ಪಂಡಿತ. ಮುಂದೆ ಗುರ್ಗಾಂಜ್‌ಗೆ ಹೋದಾಗ ತಾನು ಧರ್ಮಶಾಸ್ತ್ರಿಗಳ ಉಡುಪು ಹಾಕಿಕೊಂಡಿದ್ದೆ ಅಂತಲೂ ಹೇಳಿದ್ದಾನೆ. 1980ರ ದಶಕದ ಕೊನೆಯಲ್ಲಿ ದಿಮಿತ್ರಿ ಗುಟಾಸ್ ಅನ್ನುವ ವಿದ್ವಾಂಸ ಈ ಎಳೆಗಳನ್ನೆಲ್ಲ ಸೇರಿಸಿ, ಇವನು ಬೆಳೆದದ್ದು ಹನಫಿಯಾಗಿ ಅಂತ ವಾದಿಸಿದ. ನನಗೆ ಆ ವಾದ ಸರಿ ಅನ್ನಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಇಸ್ಮಾಯಿಲಿ ಅನ್ನಿಸಿಕೊಳ್ಳುವುದು ಆಗ ಅಪಾಯ, ಆದ್ದರಿಂದ ಮುಚ್ಚಿಟ್ಟಿರಬಹುದು ಅಲ್ವಾ? ಅಪಾಯ ಇತ್ತು, ನಿಜ. ಬುಖಾರಾದಲ್ಲೇ ಒಂದೆರಡು ತಲೆಮಾರು ಹಿಂದೆ ನಸಫಿ ಅನ್ನುವ ಇಸ್ಮಾಯಿಲಿ ಪ್ರಚಾರಕ ದೊರೆಯನ್ನೇ ಒಲಿಸಿಕೊಂಡಿದ್ದ. ದೊರೆ ಬದಲಾದ ಮೇಲೆ 943ರಲ್ಲಿ ಅವನನ್ನು ಕೊಂದರು. ಆದರೆ ಮುಚ್ಚಿಡಬೇಕು ಅಂದುಕೊಂಡವನು ಅಪ್ಪನ ಪಂಥವನ್ನು ತಾನೇ ಬಾಯಿ ಬಿಟ್ಟು ಹೇಳುವುದು ಯಾಕೆ? ಅಪಾಯ ಬಂದಾಗ ನಂಬಿಕೆ ಮರೆಮಾಡಬಹುದು ಅನ್ನುವ ಅವಕಾಶ ಶಿಯಾ ಸಂಪ್ರದಾಯದಲ್ಲಿ ಇದೆ. ಅದನ್ನೇ ಇಟ್ಟುಕೊಂಡು, ಶಿಯಾ ಅಂತ ಎಲ್ಲೂ ಹೇಳಿಲ್ಲ, ಆದ್ದರಿಂದ ಶಿಯಾ ಇರಬೇಕು ಅಂತ ಕೆಲವರು ವಾದಿಸುತ್ತಾರೆ. ಈ ವಾದಕ್ಕೆ ಸಾಕ್ಷಿ ಸಿಕ್ಕರೂ ಗೆಲುವು, ಸಿಗದಿದ್ದರೂ ಗೆಲುವು. ಅಂಥ ವಾದದಿಂದ ಇತಿಹಾಸಕ್ಕೆ ಕೆಲಸವಿಲ್ಲ.

ಅದಕ್ಕಿಂತ ಅವನ ದೊಡ್ಡ ಗ್ರಂಥ ಶಿಫಾವನ್ನು ತೆರೆಯಿರಿ. ಅದರ ಅಧ್ಯಾತ್ಮ ಭಾಗದ ಕೊನೆಯ ಅಧ್ಯಾಯದಲ್ಲಿ ಖಲೀಫ ಹೇಗೆ ಬರಬೇಕು ಅನ್ನುವ ಚರ್ಚೆ ಇದೆ. ಎರಡು ದಾರಿ ಹೇಳುತ್ತಾನೆ: ಮೊದಲಿನವನೇ ಮುಂದಿನವನನ್ನು ನೇಮಿಸುವುದು, ಇಲ್ಲವೇ ಹಿರಿಯರು ಒಮ್ಮತದಿಂದ ಆರಿಸುವುದು. ನೇಮಕವೇ ಹೆಚ್ಚು ಸರಿ, ಅದರಿಂದ ಗುಂಪುಗಾರಿಕೆ, ಜಗಳ ತಪ್ಪುತ್ತದೆ ಅನ್ನುತ್ತಾನೆ. ಶಿಯಾ ಓದುಗ ಇಲ್ಲಿ ನಿಂತು, ನೋಡಿ ನಮ್ಮವನೇ ಅನ್ನುತ್ತಾನೆ. ಆದರೆ ಒಮ್ಮತದ ಆಯ್ಕೆಯನ್ನು ಅವನು ತಳ್ಳಿಹಾಕಿಲ್ಲ. ನೇಮಕ ಬೇಕು ಅನ್ನಲು ಕೊಟ್ಟ ಕಾರಣವೂ ರಾಜಕೀಯದ್ದು, ದೈವಾಜ್ಞೆಯದ್ದಲ್ಲ. ಇನ್ನೂ ಸ್ವಲ್ಪ ಮುಂದೆ ಓದಿದರೆ ಮಜಾ ಇದೆ. ಇಬ್ಬರು ಯೋಗ್ಯರಿದ್ದು, ಒಬ್ಬನಿಗೆ ವಿದ್ಯೆ ಜಾಸ್ತಿ, ಇನ್ನೊಬ್ಬನಿಗೆ ವ್ಯವಹಾರ ಬುದ್ಧಿ ಜಾಸ್ತಿ ಇದ್ದರೆ ಏನು ಮಾಡಬೇಕು? ಬುದ್ಧಿ ಹೆಚ್ಚಿರುವವನು ಆಳಲಿ, ವಿದ್ಯೆ ಹೆಚ್ಚಿರುವವನು ಅವನಿಗೆ ಒತ್ತಾಸೆಯಾಗಿ ನಿಲ್ಲಲಿ, ಆಳುವವನು ಅವನ ಸಲಹೆ ಕೇಳಲಿ, ಉಮರ್ ಮತ್ತು ಅಲಿ ಮಾಡಿದ ಹಾಗೆ ಅನ್ನುತ್ತಾನೆ. ಅಲಿಯವರ ವಿದ್ಯೆಗೆ ಮರ್ಯಾದೆ, ಉಮರರ ಆಳ್ವಿಕೆಗೆ ಒಪ್ಪಿಗೆ, ಎರಡೂ ಒಂದೇ ವಾಕ್ಯದಲ್ಲಿ. ಖಡಕ್ ಶಿಯಾ ಒಬ್ಬ ಉಮರರನ್ನು ಹೀಗೆ ಮಾದರಿಯಾಗಿ ನಿಲ್ಲಿಸುವುದು ಕಷ್ಟ.

ಇನ್ನು ದೊರೆಗಳ ವಿಷಯ. ಇರಾನಿನ ಹಮದಾನಿನಲ್ಲಿ ಬೂಯಿ ವಂಶದ ದೊರೆ ಶಮ್ಸುದ್ದೌಲನಿಗೆ ಇಬ್ನ್ ಸೀನಾ ವೈದ್ಯನಾಗಿದ್ದ, ವಜೀರನೂ ಆಗಿದ್ದ. ಆಮೇಲೆ ಜೈಲು ಕಂಡ. ಅಲ್ಲಿಂದ ವೇಷ ಮರೆಸಿಕೊಂಡು ಇಸ್ಫಹಾನಿನ ಅಲಾವುದ್ದೌಲನ ಆಶ್ರಯಕ್ಕೆ ಹೋದ. ಬೂಯಿಗಳು ಶಿಯಾ, ಆದ್ದರಿಂದ ಇವನೂ ಶಿಯಾ ಅನ್ನುವುದು ಸೋಮಾರಿ ವಾದ. ಬಿಜಾಪುರದ ಆದಿಲ್ ಶಾಹಿ ದಫ್ತರದಲ್ಲಿ ಲೆಕ್ಕ ಬರೆದ ಬ್ರಾಹ್ಮಣರನ್ನು ಯಾರಾದರೂ ಶಿಯಾ ಅನ್ನುತ್ತಾರಾ? ಆ ಬೂಯಿಗಳೇ 945ರಲ್ಲಿ ಬಗ್ದಾದನ್ನು ಹಿಡಿದರೂ ಅಲ್ಲಿನ ಸುನ್ನಿ ಖಲೀಫರ ಗದ್ದುಗೆಯನ್ನು ಕಿತ್ತುಹಾಕದೆ ಹಾಗೇ ಉಳಿಸಿಕೊಂಡಿದ್ದರು.

ಫಾರಾಬಿಯ ಕಥೆಯೂ ಇಲ್ಲೇ ಸಿಕ್ಕಿಕೊಂಡಿದೆ. 942ರಲ್ಲಿ ಬಗ್ದಾದ್ ಬಿಟ್ಟು ಸಿರಿಯಾಕ್ಕೆ ಹೋದ. ಅಲೆಪ್ಪೋದ ಹಮ್ದಾನಿ ದೊರೆ ಸೈಫುದ್ದೌಲ ಶಿಯಾ, ಅವನ ಆಶ್ರಯ ಸಿಕ್ಕಿತು. 950ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡ. ಅವನು ಆದರ್ಶ ನಗರದ ಒಡೆಯನನ್ನು ಇಮಾಮ್ ಅಂತ ಕರೆದದ್ದನ್ನೇ ಶಿಯಾ ಸಾಕ್ಷಿ ಅನ್ನುತ್ತಾರೆ. ಆದರೆ ತತ್ವಜ್ಞಾನಿ, ರಾಜ, ಕಾನೂನು ಕೊಡುವವನು, ಇಮಾಮ್ ಎಲ್ಲ ಒಬ್ಬನೇ ಅನ್ನುತ್ತಾನೆ ಅವನು. ಅದು ಪ್ಲೇಟೋನ ಆಳುವ ಜ್ಞಾನಿಯ ಗುರುತು. ಅಷ್ಟೂ ಗುಣ ಒಬ್ಬನಲ್ಲೇ ಸಿಗದಿದ್ದರೆ ಹಲವರು ಸೇರಿ ಆಳಬಹುದು ಅಂತಲೂ ಅವನು ಒಪ್ಪುತ್ತಾನೆ. ಶಿಯಾ ಇಮಾಮರ ಸ್ಥಾನವನ್ನು ಹಾಗೆ ಹಂಚಿಕೊಳ್ಳಲು ಬರುವುದಿಲ್ಲ. ಅವನಿಗೆ ಪಾಠ ಹೇಳಿದ ಯೂಹನ್ನಾ ಇಬ್ನ್ ಹೈಲಾನ್ ಕ್ರೈಸ್ತ, ಅವನಿಂದ ಕಲಿತ ಯಹ್ಯಾ ಇಬ್ನ್ ಅದಿಯೂ ಕ್ರೈಸ್ತ. ಆ ಪಾಠದ ಜಗುಲಿಯಲ್ಲಿ ಅರಿಸ್ಟಾಟಲ್ ಗೊತ್ತಿದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಆ ಕಾಲದ ವೈರಿಗಳಾದರೂ ಇವರನ್ನು ಹೇಗೆ ವಿಂಗಡಿಸಿದರು? ಗಜಾಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅವನು 1058ರಲ್ಲಿ ಹುಟ್ಟಿ 1111ರಲ್ಲಿ ತೀರಿಕೊಂಡ ಶಾಫಿ ಸುನ್ನಿ. ಇಸ್ಮಾಯಿಲಿಗಳ ವಿರುದ್ಧ ಒಂದು ಗ್ರಂಥವನ್ನೇ ಬರೆದ, ಅದೂ ಖಲೀಫ ಮುಸ್ತಜ್‌ಹಿರನಿಗಾಗಿ. ತತ್ವಜ್ಞಾನಿಗಳ ವಿರುದ್ಧ ಬೇರೆಯೇ ಗ್ರಂಥ. ತನ್ನ ಆತ್ಮಕಥೆಯಲ್ಲಿ ಸತ್ಯ ಹುಡುಕುವವರನ್ನು ನಾಲ್ಕು ಗುಂಪು ಮಾಡುತ್ತಾನೆ: ಮತಸಿದ್ಧಾಂತದ ವಾದಿಗಳು, ಇಸ್ಮಾಯಿಲಿಗಳು, ತತ್ವಜ್ಞಾನಿಗಳು, ಸೂಫಿಗಳು. ಇಬ್ನ್ ಸೀನಾನ ಮೇಲೆ ಅವನ ಸಿಟ್ಟು ಮೂರು ಮಾತಿಗೆ. ಜಗತ್ತಿಗೆ ಆದಿಯಿಲ್ಲ ಅಂದದ್ದು, ದೇವರಿಗೆ ಬಿಡಿಬಿಡಿ ಸಂಗತಿಗಳು ಸಾಮಾನ್ಯ ರೂಪದಲ್ಲಷ್ಟೇ ಗೊತ್ತು ಅಂದದ್ದು, ದೇಹ ಸಮೇತ ಮತ್ತೆ ಎಬ್ಬಿಸುವುದನ್ನು ಒಪ್ಪದೆ ಇದ್ದದ್ದು. ಈ ಮೂರರಲ್ಲಿ ಅಲಿ, ಉಮರ್ ಯಾರೂ ಇಲ್ಲ. ಇಸ್ಮಾಯಿಲಿಗಳನ್ನು ಬೆನ್ನಟ್ಟಿ ಬರೆಯುತ್ತಿದ್ದ ಮನುಷ್ಯನಿಗೆ ಇಬ್ನ್ ಸೀನಾ ಅವರವನು ಅನ್ನುವ ಗುಮಾನಿ ಇದ್ದಿದ್ದರೆ ಸುಮ್ಮನೆ ಬಿಡುತ್ತಿದ್ದನಾ?

ಗುಮಾನಿಯನ್ನು ದೊಡ್ಡದು ಮಾಡಿದವರು ಆಮೇಲಿನವರು. 1328ರಲ್ಲಿ ತೀರಿಕೊಂಡ ಹಂಬಲಿ ಪಂಡಿತ ಇಬ್ನ್ ತೈಮಿಯಾ, ಅಪ್ಪ ಇಸ್ಮಾಯಿಲಿ ಅಂತ ಇವನೇ ಒಪ್ಪಿಕೊಂಡಿದ್ದಾನೆ ನೋಡಿ ಅಂತ ಆತ್ಮಕಥೆಯ ಅದೇ ಸಾಲನ್ನು ಕಲ್ಲಿನ ಹಾಗೆ ಬೀಸಿದ. ಮನಸ್ಸು ಒಪ್ಪಲಿಲ್ಲ ಅನ್ನುವ ಮಾತು ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ಇತ್ತ ಶಿಯಾ ಕಡೆಯಿಂದ ನೂರುಲ್ಲಾ ಶೂಷ್ತರಿ. ಅಕ್ಬರನ ಕಾಲದಲ್ಲಿ ಲಾಹೋರಿನ ಖಾಜಿಯಾಗಿದ್ದವನು, 1610ರಲ್ಲಿ ಜಹಾಂಗೀರನ ಆಳ್ವಿಕೆಯಲ್ಲಿ ಪ್ರಾಣ ಕಳೆದುಕೊಂಡ. ಅವನ ಸಮಾಧಿ ಆಗ್ರಾದಲ್ಲಿದೆ. ಅವನು ಬರೆದ ಶಿಯಾ ಮಹನೀಯರ ಚರಿತ್ರೆಯಲ್ಲಿ ಇಬ್ನ್ ಸೀನಾನೂ ಇದ್ದಾನೆ. ಇನ್ನೂ ಎಷ್ಟೋ ಜನರನ್ನು ಎಳೆದು ಕೂರಿಸಿದ್ದಾನೆ. ಅಲ್ಪಸಂಖ್ಯಾತ ಪಂಥದವನಾಗಿ ಪರರ ನಾಡಿನಲ್ಲಿ ಕೂತು ಬರೆಯುವವನಿಗೆ ದೊಡ್ಡ ಹೆಸರುಗಳು ಬೇಕಿದ್ದವು. ಅರ್ಥವಾಗುವ ಆಸೆಯೇ, ಆದರೆ ಸಾಕ್ಷಿ ಅಲ್ಲ.

ನಿಜವಾಗಿ ಬಿಡಿಸಲಾಗದ ಗಂಟು ಬೇಕಾದರೆ ನಸೀರುದ್ದೀನ್ ತೂಸಿಯನ್ನು ನೋಡಿ. 1201ರಲ್ಲಿ ತೂಸ್‌ನಲ್ಲಿ ಹನ್ನೆರಡು ಇಮಾಮರ ಶಿಯಾ ಮನೆಯಲ್ಲಿ ಹುಟ್ಟಿದ. ಪೂರ್ವ ಇರಾನಿನ ಕುಹಿಸ್ತಾನದಲ್ಲಿ ಇಸ್ಮಾಯಿಲಿ ಅಧಿಪತಿಯ ಆಶ್ರಯಕ್ಕೆ ಸೇರಿದ. 1235ರ ಹೊತ್ತಿಗೆ ಆ ಅಧಿಪತಿಯ ಹೆಸರಿನಲ್ಲೇ ಅಖ್ಲಾಕೆ ನಾಸಿರಿ ಅನ್ನುವ ನೀತಿಗ್ರಂಥ ಬರೆದ. ಆಮೇಲೆ ಇಸ್ಮಾಯಿಲಿ ಇಮಾಮರ ಅಲಮೂತ್ ಕೋಟೆಗೆ ಹೋದ. ಹೀಗೆ ಎರಡು ದಶಕಕ್ಕೂ ಮೀರಿ ಅವರ ನಡುವೆ ಇದ್ದ. ತಾನು ಇಸ್ಮಾಯಿಲಿ ಬೋಧನೆಗೆ ಹೇಗೆ ಬಂದೆ ಅಂತ ಒಂದು ಪುಟ್ಟ ಆತ್ಮಕಥೆಯನ್ನೂ ಬರೆದ. 1256ರಲ್ಲಿ ಮಂಗೋಲರ ಹುಲಗು ಆ ಕೋಟೆಗಳನ್ನು ಮುರಿದ. ತೂಸಿ ಈಗ ಹುಲಗುವಿನ ಸಲಹೆಗಾರ. 1258ರಲ್ಲಿ ಬಗ್ದಾದ್ ಬಿತ್ತು, ಖಲೀಫನ ಕೊಲೆಯಾಯಿತು. ಮರು ವರ್ಷ ಮರಾಗಾದಲ್ಲಿ ತೂಸಿಯ ವೀಕ್ಷಣಾಲಯ ಏಳತೊಡಗಿತು. ಹನ್ನೆರಡು ಇಮಾಮರ ಸಿದ್ಧಾಂತಕ್ಕೆ ತಳಪಾಯದಂಥ ತಜ್‌ರೀದ್ ಅನ್ನುವ ಗ್ರಂಥ ಬರೆದವನೂ ಇವನೇ. 1274ರಲ್ಲಿ ತೀರಿಕೊಂಡಾಗ ಬಗ್ದಾದಿನ ಬಳಿ, ಮೂಸಾ ಕಾಜಿಮ್ ಅವರ ದರ್ಗಾದಲ್ಲಿ ಮಣ್ಣು ಮಾಡಿದರು.

ಅಖ್ಲಾಕೆ ನಾಸಿರಿಗೆ ಎರಡು ಮುನ್ನುಡಿಗಳಿವೆ. ಮೊದಲನೆಯದರಲ್ಲಿ ಇಸ್ಮಾಯಿಲಿ ಒಡೆಯರ ಹೊಗಳಿಕೆ. ಕೋಟೆ ಬಿದ್ದ ಮೇಲೆ ಅದನ್ನು ಕಿತ್ತು ಹಾಕಿ ಹೊಸದು ಬರೆದ. ಪ್ರಾಣ, ಮಾನ ಉಳಿಸಿಕೊಳ್ಳಲು ಆಗ ಹಾಗೆ ಬರೆಯಬೇಕಾಯಿತು, ಯಾರ ಮನೆಯಲ್ಲಿ ಇದ್ದೇವೋ ಅವರಿಗೆ ಹೊಂದಿಕೊಂಡು ಇರಬೇಕಲ್ಲ ಅನ್ನುವ ಧಾಟಿ. ಯಾವ ಮುನ್ನುಡಿ ನಂಬಬೇಕು? ಅಲ್ಲಿರುವಾಗಲೇ, 1246ರ ಸುಮಾರಿಗೆ ಮುಗಿಸಿದ ಇನ್ನೊಂದು ಗ್ರಂಥದ ಕೊನೆಯಲ್ಲಿ ತನ್ನ ಸಂಕಟ ತೋಡಿಕೊಂಡಿದ್ದಾನೆ, ಅದು ಬಲವಂತದ ಕಡೆಗೆ ಸಾಕ್ಷಿ. ಆದರೆ ಬರೀ ಬಲವಂತದಿಂದ ಅಷ್ಟು ಆಳವಾದ ಇಸ್ಮಾಯಿಲಿ ಬರಹ ಹುಟ್ಟುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿದ್ದಾಗ ಅದರಲ್ಲಿ ಮನಸ್ಸಿತ್ತು, ಕೊನೆಗೆ ಹುಟ್ಟಿದ ಪಂಥಕ್ಕೇ ಮರಳಿದ ಅಂತ ಓದುವುದು ನನಗೆ ಹೆಚ್ಚು ಸಹಜವಾಗಿ ಕಾಣುತ್ತದೆ.

ಮುನ್ನುಡಿ ಬದಲಾದರೂ ಪುಸ್ತಕದ ಒಡಲು ಹೆಚ್ಚುಕಡಿಮೆ ಹಾಗೇ ಉಳಿಯಿತು ಅನ್ನುವುದನ್ನು ಮಾತ್ರ ಮರೆಯಬೇಡಿ. ಮನಸ್ಸಿನ ಗುಣಗಳ ಭಾಗ ಮಿಸ್ಕವೈಹಿ ಅನ್ನುವ ಹಿಂದಿನ ನೀತಿಚಿಂತಕನಿಂದ, ಮನೆವಾರ್ತೆಯದು ಇಬ್ನ್ ಸೀನಾನಿಂದ, ರಾಜ್ಯದ್ದು ಫಾರಾಬಿಯಿಂದ ಬಂದದ್ದು. ಅದಕ್ಕೇ ಆ ಪುಸ್ತಕ ಇರಾನಿನ ಶಿಯಾಗಳಿಗೂ ಒಗ್ಗಿತು, ಆಟೊಮನ್ ಸುನ್ನಿಗಳಿಗೂ ಒಗ್ಗಿತು. ಅಕ್ಬರ್ ಅದನ್ನು ಓದಿಸಿ ಕೇಳುತ್ತಿದ್ದ.

ತೂಸಿಯ ಸುತ್ತಲೇ ಇನ್ನೊಂದು ಸೋಜಿಗ. ಶಹ್ರಸ್ತಾನಿ ಅಂತ ಒಬ್ಬ, 1153ರಲ್ಲಿ ತೀರಿಕೊಂಡ, ಜಗತ್ತಿನ ಮತಪಂಥಗಳನ್ನೆಲ್ಲ ವಿವರಿಸಿ ಬರೆದು ಹೆಸರಾದವನು. ಊರಿಗೆಲ್ಲ ಸುನ್ನಿ ಪಂಡಿತ. ಒಳಗೊಳಗೇ ಇಸ್ಮಾಯಿಲಿ ಒಲವು ಅಂತ ಆ ಕಾಲದವರೇ ಪಿಸುಗುಟ್ಟುತ್ತಿದ್ದರು. ತೂಸಿ ಅವನನ್ನು ಇಸ್ಮಾಯಿಲಿ ಪ್ರಚಾರಕರ ಮುಖ್ಯಸ್ಥ ಅಂತಲೇ ಕರೆದಿದ್ದಾನೆ. ಅದೇ ಶಹ್ರಸ್ತಾನಿ ಇಬ್ನ್ ಸೀನಾನನ್ನು ಖಂಡಿಸಿ ಬರೆದಾಗ, ತೂಸಿ ನಿಂತದ್ದು ಇಬ್ನ್ ಸೀನಾನ ಪರ. ಖಂಡನೆಗೆ ಖಂಡನೆ ಬರೆದ. ಪಂಥದ ನಂಟು ಒಂದು ಕಡೆ ಎಳೆದರೆ ತರ್ಕ ಇನ್ನೊಂದು ಕಡೆ ಎಳೆಯಿತು.

ಹಾಗಾದರೆ ಪಂಥದಿಂದ ವಿಚಾರ ಬದಲಾಗುವುದೇ ಇಲ್ಲವಾ? ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಇಬ್ನ್ ಸೀನಾನ ಸಮಕಾಲೀನ ಹಮೀದುದ್ದೀನ್ ಕಿರ್ಮಾನಿ ಫಾತಿಮಿಗಳ ಪಕ್ಕಾ ಇಸ್ಮಾಯಿಲಿ ಚಿಂತಕ. ದೇವರಿಂದ ಒಂದರ ಕೆಳಗೊಂದು ಹತ್ತು ಬುದ್ಧಿಗಳು ಹೊಮ್ಮುತ್ತವೆ ಅನ್ನುವ ಫಾರಾಬಿಯ ಚಿತ್ರವನ್ನು ಇವನೂ ತೆಗೆದುಕೊಂಡ, ಇಬ್ನ್ ಸೀನಾನೂ ತೆಗೆದುಕೊಂಡ. ಇಬ್ನ್ ಸೀನಾನಲ್ಲಿ ಅದು ಆಕಾಶದ ಗೋಳಗಳ ವಿವರಣೆ. ಕಿರ್ಮಾನಿಯಲ್ಲಿ ಮೇಲಿನ ಹತ್ತು ಬುದ್ಧಿಗಳಿಗೆ ಸರಿಯಾಗಿ ಕೆಳಗೆ ಇಸ್ಮಾಯಿಲಿ ಸಂಘಟನೆಯ ಹತ್ತು ಮೆಟ್ಟಿಲುಗಳು. ಇಲ್ಲಿ ಪಂಥವನ್ನು ತೆಗೆದರೆ ತತ್ವಜ್ಞಾನವೇ ನಿಲ್ಲುವುದಿಲ್ಲ. ಸುನ್ನಿ ಕಡೆ ಕೊರ್ಡೋಬಾದ ಇಬ್ನ್ ರುಶ್ದ್ ಇದ್ದಾನೆ, 1126ರಿಂದ 1198. ಅಜ್ಜನ ಕಾಲದಿಂದ ಮಾಲಿಕಿ ಖಾಜಿಗಳ ಮನೆ. ತತ್ವಜ್ಞಾನ ಓದಬಹುದಾ ಅನ್ನುವ ಪ್ರಶ್ನೆಯನ್ನು ಅವನು ಫತ್ವಾದ ಧಾಟಿಯಲ್ಲೇ ಎತ್ತಿಕೊಳ್ಳುತ್ತಾನೆ: ಶರೀಯತ್ ಪ್ರಕಾರ ಇದು ನಿಷಿದ್ಧವೋ, ಅನುಮತಿ ಇರುವುದೋ, ಒಳ್ಳೆಯದೋ, ಕಡ್ಡಾಯವೋ? ಯೋಗ್ಯತೆ ಇದ್ದವರಿಗೆ ಕಡ್ಡಾಯ ಅಂತ ತೀರ್ಪು ಕೊಡುತ್ತಾನೆ. ನ್ಯಾಯಪೀಠದಲ್ಲಿ ಕೂತವನಿಗಷ್ಟೇ ಹೊಳೆಯುವ ವಾದ ಇದು. ಅವನಿಗೂ 1195ರಲ್ಲಿ ಗಡಿಪಾರು ತಪ್ಪಲಿಲ್ಲ, ಓಡಿಸಿದವರೂ ಸುನ್ನಿಗಳೇ.

ಶಿಯಾಗಳೇ ಜಾಸ್ತಿ ಅನ್ನುವ ಭಾವನೆ ಬರಲು ಎರಡು ಕಾರಣ. ಒಂದು, 10ನೇ ಶತಮಾನದಲ್ಲಿ ಬಗ್ದಾದ್, ಕೈರೋ, ಅಲೆಪ್ಪೋ ಎಲ್ಲ ಕಡೆ ಅಧಿಕಾರ ಶಿಯಾ ವಂಶಗಳ ಕೈಯಲ್ಲಿತ್ತು, ತತ್ವಜ್ಞಾನ ಹುಲುಸಾಗಿ ಬೆಳೆದದ್ದೂ ಆಗಲೇ. ಎರಡು, 1501ರಲ್ಲಿ ಸಫವಿಗಳು ಇರಾನನ್ನು ಶಿಯಾ ರಾಜ್ಯ ಮಾಡಿದರು. ಮುಲ್ಲಾ ಸದ್ರಾನಂಥ ತತ್ವಜ್ಞಾನಿಗಳು ಬಂದರು, ಆ ಪರಂಪರೆ ಇವತ್ತಿಗೂ ಅಲ್ಲಿ ಇದೆ. ಅದನ್ನು ಹಿಂದಕ್ಕೆ ಎಳೆದು ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳುತ್ತೇವೆ. ಆದರೆ ನಮ್ಮ ಲಖನೌದ ಫಿರಂಗಿ ಮಹಲಿನಲ್ಲಿ 18ನೇ ಶತಮಾನದಲ್ಲಿ ರೂಪುಗೊಂಡ ದರ್ಸೆ ನಿಜಾಮಿ ಪಠ್ಯಕ್ರಮ ನೋಡಿ. ಸುನ್ನಿ ಮದರಸಾಗಳ ಪಾಠ ಅದು. ಅದರಲ್ಲಿ ಶಿಯಾ ಮುಲ್ಲಾ ಸದ್ರಾನ ಒಂದು ಟೀಕೆಯನ್ನು, ಅಂದರೆ ವ್ಯಾಖ್ಯಾನವನ್ನು, ಹುಡುಗರು ಓದುತ್ತಿದ್ದರು. ಪುಸ್ತಕವನ್ನೇ ಸದ್ರಾ ಅಂತ ಕರೆಯುತ್ತಿದ್ದರು.

ಕೊನೆಯದಾಗಿ ಕರ್ನಾಟಕದ ನಂಟು ಕೇಳಿದ್ದೀರಿ. ಇದೆ, ಬೀದರಿನಲ್ಲಿ. 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ಇರಾನಿನ ಗೀಲಾನಿನವನು. ಆ ಕಡೆಯ ವಿದ್ವಾಂಸರ ಜೊತೆ ಅವನ ಓಲೆ ವ್ಯವಹಾರ ಜೋರಾಗಿತ್ತು. ಶಿರಾಜಿನ ಜಲಾಲುದ್ದೀನ್ ದವಾನಿ ತನ್ನ ಒಂದು ಟೀಕೆಯನ್ನು ಗವಾನನಿಗೆ ಅರ್ಪಿಸಿದ್ದಾನೆ. ಅದು ಸುಹ್ರವರ್ದಿಯ ಗ್ರಂಥಕ್ಕೆ ಬರೆದ ಟೀಕೆ. ಬೆಳಕಿನ ತತ್ವಜ್ಞಾನಿ ಅಂತ ಹೆಸರಾದ ಆ ಸುಹ್ರವರ್ದಿಯನ್ನು 1191ರಲ್ಲಿ ಸಲಾದೀನನ ಆಜ್ಞೆಯಂತೆ ಅಲೆಪ್ಪೋದಲ್ಲಿ ಕೊಂದಿದ್ದರು. ದವಾನಿಯ ಪಂಥವೂ ಜಗಳದ್ದೇ. ಅವನ ಹೆಚ್ಚಿನ ಬರಹ ಸುನ್ನಿ ಪಂಡಿತನದು, ಕೊನೆಗಾಲದಲ್ಲಿ ಶಿಯಾ ಆದ ಅಂತ ಆಮೇಲಿನ ಶಿಯಾಗಳು ಹೇಳುತ್ತಾರೆ. ಅವನು ಹೆಸರು ಮಾಡಿದ್ದು ಮಾತ್ರ ತೂಸಿಯ ತಜ್‌ರೀದ್‌ನಿಂದ. ಶಿಯಾ ತೂಸಿಯ ಆ ಗ್ರಂಥಕ್ಕೆ ಅಲಿ ಕುಷ್ಜಿ ಅನ್ನುವ ಸುನ್ನಿ ಪಂಡಿತ ಟೀಕೆ ಬರೆದಿದ್ದ. ಇಮಾಮರ ಭಾಗ ಬಂದಾಗ ಜಗಳ ತೆಗೆದಿದ್ದ, ಉಳಿದದ್ದನ್ನು ಒಪ್ಪವಾಗಿ ವಿವರಿಸಿದ್ದ. ಆ ಟೀಕೆಯ ಮೇಲೆ ದವಾನಿ ಒಂದಲ್ಲ, ಮೂರು ಸಲ ಟಿಪ್ಪಣಿ ಬರೆದ. ಶಿರಾಜಿನಲ್ಲೇ ಇದ್ದ ಸದ್ರುದ್ದೀನ್ ದಷ್ತಕಿ ಅದಕ್ಕೆ ಎದುರು ಬರೆದ. ಇಬ್ಬರ ಜಗಳ ವರ್ಷಗಟ್ಟಲೆ ನಡೆಯಿತು. ನಾನು ಹೇಳುತ್ತಿರುವುದು ಸುಳ್ಳು ಅಂತ ಒಬ್ಬ ಹೇಳಿದರೆ ಅವನ ಮಾತು ನಿಜವೋ ಸುಳ್ಳೋ ಅನ್ನುವ ಒಗಟಿನ ಮೇಲೂ ಇಬ್ಬರೂ ಪುಟಗಟ್ಟಲೆ ಕಾದಾಡಿದ್ದಾರೆ.